ತುಂಗಭದ್ರೆಯ ಮೀನನ್ನೂ ಪರೀಕ್ಷೆ ಮಾಡಿಸಿ: ಹರಿಹರದಿಂದ ಒಂದು ಬಹಿರಂಗ ಪತ್ರ

ಇವರಿಗೆ,
ಅಧ್ಯಕ್ಷರು, ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ
ಜಿಲ್ಲಾಧಿಕಾರಿಗಳು, ದಾವಣಗೆರೆ ಜಿಲ್ಲೆ
ಮೀನುಗಾರಿಕೆ ಇಲಾಖೆಯ ಜಿಲ್ಲಾ ಅಧಿಕಾರಿಗಳು, ದಾವಣಗೆರೆ

ವಿಷಯ: ತುಂಗಭದ್ರಾ ನದಿಯ ಮೀನುಗಳ ಸಂತಾನಶಕ್ತಿಯ ಮೇಲೆ ಕೊಳಚೆ ಮತ್ತು ರಾಸಾಯನಿಕಗಳ ಪರಿಣಾಮವನ್ನು ಪರೀಕ್ಷಿಸುವ ಬಗ್ಗೆ

ಮಾನ್ಯರೇ,

ಹರಿಹರದ ಹತ್ತಿರ ತುಂಗಭದ್ರೆಯ ನೀರನ್ನು ನೀವು ಬಾಟಲಿಯಲ್ಲಿ ತುಂಬಿಸಿಕೊಂಡು ಹೋಗಿ ಪರೀಕ್ಷೆ ಮಾಡಿಸುತ್ತೀರಿ. ವರದಿ ಬರುತ್ತದೆ, ಪತ್ರಿಕೆಗಳಲ್ಲಿ ಸುದ್ದಿಯಾಗುತ್ತದೆ, ಸಭೆಯಾಗುತ್ತದೆ. ನನ್ನ ಕೋರಿಕೆ ಒಂದೇ. ನೀರಿನ ಜೊತೆಗೆ ಆ ನೀರಿನಲ್ಲೇ ಹುಟ್ಟಿ ಬೆಳೆದ ಮೀನನ್ನೂ ಪರೀಕ್ಷೆ ಮಾಡಿಸಿ. ಅದರ ಮಾಂಸದಲ್ಲಿ ಯಾವ ವಿಷವಿದೆ ಎಂದು ನೋಡಿದರೆ ಸಾಲದು. ಗಂಡು ಮೀನು ಗಂಡಾಗಿ, ಹೆಣ್ಣು ಮೀನು ಹೆಣ್ಣಾಗಿ ಸರಿಯಾಗಿ ಬೆಳೆದಿದೆಯಾ, ಅದರಿಂದ ಮುಂದಿನ ಮರಿ ಹುಟ್ಟುತ್ತದೆಯಾ ಎನ್ನುವುದನ್ನು ನೋಡಿ.

ನಾನು ಇದೇ ಊರಿನಲ್ಲಿ ಹೈಸ್ಕೂಲು ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಡುವವಳು. ನಮ್ಮ ಮನೆಯಲ್ಲಿ ಹೊಳೆ ಮೀನು ತಿನ್ನುತ್ತೇವೆ. ಈ ಪತ್ರ ಬರೆಯಲು ಅದಕ್ಕಿಂತ ದೊಡ್ಡ ಅರ್ಹತೆ ನನಗೆ ಬೇಕೆಂದು ಅನಿಸಿಲ್ಲ.

ಮೊದಲು ನಿಮ್ಮದೇ ಅಳತೆಗೋಲಿನ ವಿಷಯ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ನದಿ ನೀರನ್ನು ಬಳಕೆಗೆ ತಕ್ಕಂತೆ ಎ ಯಿಂದ ಇ ವರೆಗೆ ಐದು ದರ್ಜೆ ಮಾಡಿದೆ. ಅದರಲ್ಲಿ 'ಡಿ' ದರ್ಜೆ ವನ್ಯಜೀವಿಗಳಿಗೆ ಮತ್ತು ಮೀನುಗಾರಿಕೆಗೆ. ಮೀನು ಬದುಕಿ ಸಂತಾನ ಬೆಳೆಸಲು ನೀರು ಯೋಗ್ಯವಾಗಿದೆ ಎಂದು ಹೇಳಲು ಅಲ್ಲಿ ನೋಡುವುದು ಮೂರೇ ಮೂರು ಸಂಗತಿ. ನೀರಿನ ಹುಳಿ-ಕ್ಷಾರದ ಅಳತೆಯಾದ ಪಿಎಚ್ 6.5ರಿಂದ 8.5ರ ಒಳಗಿರಬೇಕು. ಕರಗಿದ ಆಮ್ಲಜನಕ ಲೀಟರಿಗೆ 4 ಮಿಲಿಗ್ರಾಂ ಅಥವಾ ಜಾಸ್ತಿ ಇರಬೇಕು. ಅಮೋನಿಯಾ 1.2 ಮಿಲಿಗ್ರಾಂ ದಾಟಬಾರದು. ಅಷ್ಟೇ. ಈ ಮೂರೂ ಸರಿ ಇದ್ದರೆ ಮೀನು ಸಾಯುವುದಿಲ್ಲ, ನಿಜ. ಆದರೆ ಸಾಯದೇ ಇರುವುದು ಬೇರೆ, ಮರಿ ಮಾಡುವುದು ಬೇರೆ, ಅಲ್ವಾ?

ಹರಿಹರದ ಜನರಿಗೆ ಮೀನು ಸಾಯುವುದು ಗೊತ್ತು. 1980ರ ದಶಕದಲ್ಲಿ ಈ ಹೊಳೆಯಲ್ಲಿ ಮೀನುಗಳು ರಾಶಿ ರಾಶಿ ಸತ್ತು ತೇಲಿದ್ದನ್ನು, ಆಮೇಲೆ ನಡೆದ ಹೋರಾಟವನ್ನು ಹಿರಿಯರು ಇವತ್ತಿಗೂ ಹೇಳುತ್ತಾರೆ. ಮೀನು ಸತ್ತರೆ ಎಲ್ಲರಿಗೂ ಕಾಣುತ್ತದೆ, ವಾಸನೆ ಬರುತ್ತದೆ, ಅಧಿಕಾರಿಗಳು ಓಡಿ ಬರುತ್ತಾರೆ. ನಾನು ಹೇಳುತ್ತಿರುವ ಹಾನಿಯಲ್ಲಿ ಒಂದು ಮೀನೂ ಸಾಯುವುದಿಲ್ಲ. ಮೀನು ಈಜುತ್ತಿರುತ್ತದೆ, ದಪ್ಪವಾಗಿರುತ್ತದೆ, ಬಲೆಗೆ ಬೀಳುತ್ತದೆ, ತಕ್ಕಡಿಯಲ್ಲಿ ಚೆನ್ನಾಗಿಯೇ ತೂಗುತ್ತದೆ. ಒಳಗೆ ಮಾತ್ರ ಕೆಟ್ಟಿರುತ್ತದೆ.

ಹೇಗೆ ಅಂತ ಸ್ವಲ್ಪ ವಿವರವಾಗಿ ಹೇಳುತ್ತೇನೆ. ನಿಮ್ಮಲ್ಲಿ ಎಂಜಿನಿಯರುಗಳು, ಆಡಳಿತದವರು ಜಾಸ್ತಿ ಇರುತ್ತೀರಿ. ಮೀನಿನ ಹೊಟ್ಟೆಯ ವಿಷಯ ಗೊತ್ತಿಲ್ಲದಿದ್ದರೆ ತಪ್ಪೇನೂ ಅಲ್ಲ.

ಮನುಷ್ಯರಲ್ಲಿ ಮಗು ಗಂಡೋ ಹೆಣ್ಣೋ ಎಂಬುದರ ದಾರಿ ತಾಯಿಯ ಗರ್ಭದೊಳಗೇ ಬಹುಮಟ್ಟಿಗೆ ಗಟ್ಟಿಯಾಗಿಬಿಡುತ್ತದೆ. ಮೀನಿನಲ್ಲಿ ಹಾಗಲ್ಲ. ಮೊಟ್ಟೆಯೊಡೆದು ಬಂದ ಮರಿಯಲ್ಲಿ ಅಂಡಾಶಯವೂ ಅಲ್ಲದ, ವೃಷಣವೂ ಅಲ್ಲದ ಒಂದು ಎಳೆ ಅಂಗವಿರುತ್ತದೆ. ಅದು ಯಾವ ಕಡೆಗೆ ಹೋಗಬೇಕು ಎಂಬುದನ್ನು ಮೀನಿನ ವಂಶವಾಹಿಗಳ ಜೊತೆಗೆ ಅದರ ಮೈಯಲ್ಲಿ ಆ ದಿನಗಳಲ್ಲಿ ಓಡಾಡುವ ಹಾರ್ಮೋನುಗಳೂ ತೀರ್ಮಾನಿಸುತ್ತವೆ. ಹೆಣ್ಣು ಹಾರ್ಮೋನಾದ ಈಸ್ಟ್ರೋಜನ್ ಜಾಸ್ತಿಯಾದರೆ ಅಂಡಾಶಯದ ಕಡೆಗೆ, ಗಂಡು ಹಾರ್ಮೋನು ಜಾಸ್ತಿಯಾದರೆ ವೃಷಣದ ಕಡೆಗೆ. ಆ ಹೊತ್ತಿನಲ್ಲಿ ಹೊರಗಿನಿಂದ ಹಾರ್ಮೋನಿನಂತೆ ನಟಿಸುವ ಒಂದು ರಾಸಾಯನಿಕ ಬಂದರೆ ಮೀನಿನ ಮೈ ಅದನ್ನು ಬೇರೆ ಎಂದು ಗುರುತಿಸುವುದಿಲ್ಲ. ಅಪ್ಪಣೆ ಬಂತೆಂದು ಪಾಲಿಸುತ್ತದೆ.

ಮೀನುಗಾರಿಕೆ ಇಲಾಖೆಯವರಿಗೆ ಇದು ಹೊಸ ವಿಷಯವೇನೂ ಅಲ್ಲ. ಮೊನೊಸೆಕ್ಸ್, ಅಂದರೆ ಬರೀ ಗಂಡುಗಳೇ ಇರುವ ತಿಲಾಪಿಯಾ ಮೀನಿನ ಮರಿ ಮಾಡುವುದೇ ಹೀಗೆ. ಹುಟ್ಟಿದ ಮರಿಗಳಿಗೆ ಒಂದು ಕಿಲೋ ಆಹಾರಕ್ಕೆ ಸುಮಾರು 60 ಮಿಲಿಗ್ರಾಂ ಮೀಥೈಲ್ ಟೆಸ್ಟೊಸ್ಟೆರಾನ್ ಎಂಬ ಗಂಡು ಹಾರ್ಮೋನು ಬೆರೆಸಿ ಮೂರು ನಾಲ್ಕು ವಾರ ತಿನ್ನಿಸುತ್ತಾರೆ. ಹೆಣ್ಣಾಗಬೇಕಿದ್ದ ಮರಿಗಳೂ ಗಂಡಾಗುತ್ತವೆ. ಜಗತ್ತಿನ ಎಷ್ಟೋ ದೇಶಗಳಲ್ಲಿ ಇದು ದಿನನಿತ್ಯದ ವ್ಯವಹಾರ. ಬೇಕೆಂದು ಚಿಟಿಕೆ ಹಾರ್ಮೋನು ಹಾಕಿ ಸಾವಿರಾರು ಮರಿಗಳ ಲಿಂಗ ಬದಲಿಸಬಹುದು ಎಂದಮೇಲೆ, ನಮಗೆ ಗೊತ್ತಿಲ್ಲದೆ ಹೊಳೆಗೆ ಸೇರುವುದು ಏನು ಮಾಡೀತು ಎಂದು ಕೇಳುವುದು ತಪ್ಪಲ್ಲವಲ್ಲ?

ಈ ಪ್ರಶ್ನೆಯನ್ನು ಬೇರೆ ದೇಶದವರು ಕೇಳಿದರು, ಉತ್ತರವನ್ನೂ ಹುಡುಕಿದರು. ಇಂಗ್ಲೆಂಡಿನಲ್ಲಿ ಗಾಳ ಹಾಕಿ ಮೀನು ಹಿಡಿಯುವ ಸಾಮಾನ್ಯ ಜನರೇ ಮೊದಲು ಗಮನಿಸಿದ್ದು. ಕೊಳಚೆ ನೀರು ಶುದ್ಧೀಕರಿಸುವ ಕೊಳಗಳಲ್ಲಿ ಸಿಕ್ಕ ರೋಚ್ ಎಂಬ ಮೀನು ಗಂಡೋ ಹೆಣ್ಣೋ ಹೇಳಲಾಗುತ್ತಿರಲಿಲ್ಲ. ರೋಚ್ ನಮ್ಮ ಗೆಂಡೆ ಮೀನಿನ ಕುಲದ್ದು. ಆಮೇಲೆ ವಿಜ್ಞಾನಿಗಳು ಒಂದು ಸರಳ ಕೆಲಸ ಮಾಡಿದರು. ಗಂಡು ಟ್ರೌಟ್ ಮೀನುಗಳನ್ನು ಪಂಜರದಲ್ಲಿ ಹಾಕಿ, ಶುದ್ಧೀಕರಣ ಘಟಕದಿಂದ ನೀರು ಹೊರಬೀಳುವ ಜಾಗದಲ್ಲಿ ಕೆಲವು ವಾರ ಇಳಿಬಿಟ್ಟರು. ತೆಗೆದು ರಕ್ತ ನೋಡಿದರೆ ಅದರಲ್ಲಿ ವಿಟೆಲ್ಲೊಜೆನಿನ್ ತುಂಬಿತ್ತು.

ವಿಟೆಲ್ಲೊಜೆನಿನ್ ಅಂದರೆ ಮೊಟ್ಟೆಯ ಹಳದಿ ಭಾಗವನ್ನು ಕಟ್ಟುವ ಪ್ರೋಟೀನು. ಅದನ್ನು ತಯಾರಿಸುವುದು ಲಿವರ್. ತತ್ತಿ ಕಟ್ಟುವ ಕಾಲ ಬಂದಾಗ ಹೆಣ್ಣು ಮೀನಿನ ಅಂಡಾಶಯ ಈಸ್ಟ್ರೋಜನ್ ಕಳಿಸುತ್ತದೆ, ಲಿವರ್ ಕೆಲಸ ಶುರು ಮಾಡುತ್ತದೆ. ಗಂಡು ಮೀನಿನ ಲಿವರಿನಲ್ಲೂ ಆ ವಂಶವಾಹಿ ಇದೆ. ಆದರೆ ಯಾರೂ ಎಬ್ಬಿಸದೆ ಸುಮ್ನೆ ಇರುತ್ತದೆ. ಗಂಡಿನ ರಕ್ತದಲ್ಲಿ ವಿಟೆಲ್ಲೊಜೆನಿನ್ ಏರಿದೆ ಎಂದರೆ ಹೊರಗಿನಿಂದ ಈಸ್ಟ್ರೋಜನ್ನಿನಂಥದ್ದು ಏನೋ ಬಂದಿದೆ ಎಂದೇ ಅರ್ಥ. ಇದಕ್ಕಿಂತ ನೇರವಾದ ಸಾಕ್ಷಿ ಸಿಗುವುದು ಕಷ್ಟ. ಬಾಟಲಿ ನೀರಿನಲ್ಲಿ ನೂರು ರಾಸಾಯನಿಕಗಳನ್ನು ಒಂದೊಂದಾಗಿ ಹುಡುಕುವ ಬದಲು ಮೀನಿನ ಒಂದು ಹನಿ ರಕ್ತ ಅವೆಲ್ಲದರ ಒಟ್ಟು ಲೆಕ್ಕ ಹೇಳುತ್ತದೆ. ನಾನು ಮೀನನ್ನು ನೋಡಿ ಎಂದು ಹಟ ಹಿಡಿದಿರುವುದು ಇದಕ್ಕೇ.

1998ರಲ್ಲಿ ಬ್ರೂನೆಲ್ ವಿಶ್ವವಿದ್ಯಾಲಯದ ಸೂಸನ್ ಜಾಬ್ಲಿಂಗ್, ಜಾನ್ ಸಂಪ್ಟರ್ ಮತ್ತು ಜೊತೆಯವರು ಬ್ರಿಟನ್ನಿನ ಹಲವು ನದಿಗಳ ರೋಚ್ ಮೀನುಗಳನ್ನು ನೋಡಿ ವರದಿ ಪ್ರಕಟಿಸಿದರು. ಗಂಡು ಮೀನಿನ ವೃಷಣದೊಳಗೆ ಮೊಟ್ಟೆಯ ಕೋಶಗಳು ಬೆಳೆಯುತ್ತಿದ್ದವು. ಏರ್ ಮತ್ತು ನೀನ್ ನದಿಗಳಲ್ಲಿ ಕೊಳಚೆ ಸೇರುವ ಜಾಗದ ಕೆಳಗೆ ಹಿಡಿದ ಗಂಡುಗಳಲ್ಲಿ ಒಂದನ್ನೂ ಬಿಡದೆ ಈ ದೋಷ ಕಂಡಿತು. ಅಂಥ ಮೀನಿನ ವೃಷಣವನ್ನು ತೆಳ್ಳಗೆ ಕತ್ತರಿಸಿ, ಬಣ್ಣ ಹಾಕಿ, ಮೈಕ್ರೋಸ್ಕೋಪಿನಲ್ಲಿಟ್ಟರೆ ಕಾಣುವುದು ಹೀಗೆ: ಸುತ್ತಲೂ ನುಣ್ಣಗಿನ ಚುಕ್ಕೆಗಳಂಥ ವೀರ್ಯಾಣುಗಳು, ನಡುನಡುವೆ ನೇರಳೆ ಬಣ್ಣದ ದೊಡ್ಡ ದುಂಡು ಕೋಶಗಳು. ರಾಗಿ ಹಿಟ್ಟಿನಲ್ಲಿ ಕಡಲೆಕಾಳು ಬಿದ್ದ ಹಾಗೆ. ಒಮ್ಮೆ ನೋಡಿದವರು ಮರೆಯುವುದಿಲ್ಲ. ಆದರೆ ಮೀನು ಕೊಯ್ಯುವ ಹಲಗೆಯ ಮೇಲೆ ಇದು ಯಾರ ಕಣ್ಣಿಗೂ ಬೀಳುವುದಿಲ್ಲ. ಹೊರಗಿನಿಂದ ಅದು ಒಂದು ಗಂಡು ಮೀನು, ಅಷ್ಟೇ. ದೋಷ ಜೋರಾಗಿರುವ ಇಂಥ ಗಂಡುಗಳಲ್ಲಿ ವೀರ್ಯದ ಗುಣ ಕಡಿಮೆ ಎಂದು, ಅವು ಫಲ ಕೊಡುವುದು ಕಡಿಮೆ ಎಂದು ಅದೇ ತಂಡ ಆಮೇಲೆ ತೋರಿಸಿತು.

ಇದೆಲ್ಲ ಎಷ್ಟು ಪ್ರಮಾಣದಲ್ಲಿ ಆಗುತ್ತದೆ? ಕೆನಡಾದವರ ಪ್ರಯೋಗ ನೋಡಿ. ಒಂಟಾರಿಯೋ ಪ್ರಾಂತ್ಯದಲ್ಲಿ ವಿಜ್ಞಾನಕ್ಕೆಂದೇ ಬಿಟ್ಟ ಕೆರೆಗಳಿವೆ. ಅದರಲ್ಲಿ 260 ಎಂಬ ನಂಬರಿನ ಕೆರೆಗೆ 2001ರಿಂದ 2003ರವರೆಗೆ ಮೂರು ಬೇಸಿಗೆ ಎಥಿನೈಲ್ ಎಸ್ಟ್ರಡಯಾಲ್ ಎಂಬ, ಗರ್ಭನಿರೋಧಕ ಮಾತ್ರೆಗಳಲ್ಲಿರುವ ಕೃತಕ ಹೆಣ್ಣು ಹಾರ್ಮೋನು ಹಾಕಿದರು. ಪ್ರಮಾಣ ಲೀಟರಿಗೆ 5ರಿಂದ 6 ನ್ಯಾನೊಗ್ರಾಂ. ಒಂದು ಗ್ರಾಮನ್ನು ನೂರು ಕೋಟಿ ಪಾಲು ಮಾಡಿದರೆ ಒಂದು ಪಾಲು ಒಂದು ನ್ಯಾನೊಗ್ರಾಂ. ಅಷ್ಟಕ್ಕೇ ಆ ಕೆರೆಯ ಫ್ಯಾಟ್‌ಹೆಡ್ ಮಿನ್ನೋ ಎಂಬ ಸಣ್ಣ ಮೀನಿನ ಗಂಡುಗಳಲ್ಲಿ ಮೊಟ್ಟೆಯ ಪ್ರೋಟೀನು ಬಂತು, ವೃಷಣದ ಬೆಳವಣಿಗೆ ನಿಂತಿತು, ಹೊಸ ಮರಿಗಳು ಇಲ್ಲವಾದವು, ಆ ಜಾತಿಯೇ ಕೆರೆಯಿಂದ ಬಹುತೇಕ ಮಾಯವಾಯಿತು. ಅದನ್ನು ತಿಂದು ಬದುಕುವ ದೊಡ್ಡ ಟ್ರೌಟ್ ಮೀನೂ ಕಡಿಮೆಯಾಯಿತು. ಕ್ಯಾರೆನ್ ಕಿಡ್ ಮತ್ತು ಸಂಗಡಿಗರು 2007ರಲ್ಲಿ ಇದನ್ನು ಪ್ರಕಟಿಸಿದರು. ಹಾರ್ಮೋನು ಹಾಕುವುದನ್ನು ನಿಲ್ಲಿಸಿದ ಕೆಲವು ವರ್ಷಗಳ ಮೇಲೆ ಆ ಸಣ್ಣ ಮೀನು ಮತ್ತೆ ಚೇತರಿಸಿಕೊಂಡಿತು ಎಂಬುದನ್ನೂ ಹೇಳಬೇಕು. ಬೇಗ ಗೊತ್ತಾದರೆ ಸರಿಪಡಿಸಬಹುದು ಎಂದು ನಾನು ನಂಬಿರುವುದು ಅದರಿಂದ.

ಈಗ ನಮ್ಮ ಹೊಳೆಗೆ ಬರೋಣ.

ಹರಿಹರಕ್ಕೆ ಬರುವ ಹೊತ್ತಿಗೆ ಈ ನೀರು ಎಷ್ಟು ಊರು ದಾಟಿರುತ್ತದೆ! ತುಂಗೆ ಶಿವಮೊಗ್ಗದ ನಡುವೆಯೇ ಹಾದು ಬರುತ್ತಾಳೆ. ಭದ್ರೆ ಭದ್ರಾವತಿಯ ನಡುವೆ. ಕೂಡ್ಲಿಯಲ್ಲಿ ಎರಡೂ ಸೇರಿ, ಹೊನ್ನಾಳಿ ದಾಟಿ ನಮ್ಮಲ್ಲಿಗೆ ಬರುತ್ತವೆ. ಸೂಳೆಕೆರೆಯಿಂದ ಇಳಿಯುವ ಹರಿದ್ರಾ ಹಳ್ಳ ಭತ್ತದ ಗದ್ದೆಗಳ ಬಸಿನೀರು ಹೊತ್ತು ಬಂದು ಇಲ್ಲೇ ಸೇರುತ್ತದೆ. ಇದರ ಮೇಲೆ ನಮ್ಮ ಊರಿನ ಚರಂಡಿ, ಎರಡೂ ದಡದ ಕೈಗಾರಿಕೆಗಳು. ಅದೇ ಹೊಳೆಯ ನೀರನ್ನು ರಾಜನಹಳ್ಳಿಯಿಂದ ಎತ್ತಿ ದಾವಣಗೆರೆಗೆ ಕುಡಿಯಲು ಕೊಡುತ್ತೇವೆ. 2018ರಲ್ಲಿ ಕೇಂದ್ರ ಮಂಡಳಿ ದೇಶದ 351 ಕಲುಷಿತ ನದಿ ಭಾಗಗಳ ಪಟ್ಟಿ ಮಾಡಿದಾಗ ಕರ್ನಾಟಕದ 17 ಅದರಲ್ಲಿದ್ದವು. ಹರಿಹರದಿಂದ ಕೆಳಗಿನ ತುಂಗಭದ್ರೆಯೂ ಅದರಲ್ಲಿ ಒಂದು. ಆ ಪಟ್ಟಿ ಮಾಡಿದ್ದು ಬಿಒಡಿ ನೋಡಿ. ಅಂದರೆ ಕೊಳೆಯುವ ಕಸ ಎಷ್ಟಿದೆ, ಅದು ಎಷ್ಟು ಆಮ್ಲಜನಕ ತಿನ್ನುತ್ತದೆ ಎಂಬ ಲೆಕ್ಕ. ಲೀಟರಿಗೆ ಕೆಲವೇ ನ್ಯಾನೊಗ್ರಾಂ ಇರುವ ಹಾರ್ಮೋನು ಬಿಒಡಿ ಲೆಕ್ಕದಲ್ಲಿ ಕಾಣುವುದೇ ಇಲ್ಲ. ಬಿಒಡಿ ಇಳಿದು ನಾಳೆ ನಮ್ಮ ಹೊಳೆ ಆ ಪಟ್ಟಿಯಿಂದ ಹೊರಬಂದರೂ ಮೀನಿನ ಸ್ಥಿತಿ ಏನೆಂದು ನಮಗೆ ಗೊತ್ತಾಗುವುದಿಲ್ಲ.

ಹಾರ್ಮೋನು ಎಲ್ಲಿಂದ ಬರುತ್ತದೆ ಎಂದರೆ ಜನ ತಕ್ಷಣ ಗರ್ಭನಿರೋಧಕ ಮಾತ್ರೆಯ ಕಡೆ ಬೆರಳು ತೋರಿಸುತ್ತಾರೆ. ಇದು ಅರ್ಧ ಸತ್ಯ, ಅದರಲ್ಲೂ ಹೆಂಗಸರ ಮೇಲೆ ಗೂಬೆ ಕೂರಿಸುವ ಮಾತು. ಮಾತ್ರೆಯ ಹಾರ್ಮೋನು ಬಹಳ ಬಲವಾದದ್ದು, ಬೇಗ ಕರಗುವುದೂ ಇಲ್ಲ, ಒಪ್ಪುತ್ತೇನೆ. ಆದರೆ ಪ್ರತಿ ಮನುಷ್ಯನ ಮೂತ್ರದಲ್ಲೂ ಸಹಜ ಹಾರ್ಮೋನು ಇದ್ದೇ ಇರುತ್ತದೆ, ಗಂಡಸರದ್ದರಲ್ಲೂ. ದನಕರುಗಳ ಗಂಜಲದಲ್ಲೂ ಇರುತ್ತದೆ. ನಮ್ಮ ಮೈ ಅದನ್ನು ಹೊರಹಾಕುವ ಮೊದಲು ಲಿವರ್ ಅದಕ್ಕೆ ಇನ್ನೊಂದು ಅಣುವನ್ನು ಅಂಟಿಸಿ ಕೆಲಸಕ್ಕೆ ಬಾರದ ಹಾಗೆ ಮಾಡುತ್ತದೆ. ಚರಂಡಿಗೆ ಬಿದ್ದ ಮೇಲೆ ಅಲ್ಲಿರುವ ಇ-ಕೋಲೈ ಬ್ಯಾಕ್ಟೀರಿಯಾ ಆ ಅಂಟನ್ನು ಬಿಡಿಸುತ್ತದೆ. ಹಾರ್ಮೋನಿಗೆ ಮತ್ತೆ ಜೀವ ಬರುತ್ತದೆ. ಚೆನ್ನಾಗಿ ನಡೆಯುವ ಶುದ್ಧೀಕರಣ ಘಟಕದಲ್ಲಿ ನೀರು ಸಾಕಷ್ಟು ಹೊತ್ತು ನಿಂತರೆ ಸಹಜ ಹಾರ್ಮೋನಿನ ದೊಡ್ಡ ಪಾಲು ಒಡೆದು ಹೋಗುತ್ತದೆ. ಘಟಕಕ್ಕೇ ಹೋಗದೆ ನೇರ ಹೊಳೆಗೆ ಬೀಳುವ ಚರಂಡಿ ನೀರಿಗೆ ಆ ಅವಕಾಶವೂ ಇಲ್ಲ. ಹಾಗಾಗಿ ಇದು ಮಾತ್ರೆ ನುಂಗುವವರ ತಪ್ಪಲ್ಲ. ಚರಂಡಿ ಕಟ್ಟಬೇಕಾದವರ, ಘಟಕ ನಡೆಸಬೇಕಾದವರ ಜವಾಬ್ದಾರಿ.

ಇನ್ನೊಂದು ಗುಂಪು ನೊನೈಲ್‌ಫೀನಾಲ್. ಕೆಲವು ಕೈಗಾರಿಕಾ ಡಿಟರ್ಜೆಂಟುಗಳಲ್ಲಿ, ಬಟ್ಟೆ ಮತ್ತು ಉಣ್ಣೆ ತೊಳೆಯುವ ರಾಸಾಯನಿಕಗಳಲ್ಲಿ ಇದರ ಮೂಲವಸ್ತು ಇರುತ್ತದೆ. ವಿಚಿತ್ರವೆಂದರೆ ಚರಂಡಿಯಲ್ಲಿ ಅದು ಒಡೆದಷ್ಟೂ ಈಸ್ಟ್ರೋಜನ್ ಗುಣ ಜಾಸ್ತಿಯಾಗುತ್ತದೆ. ಮೇಲೆ ಹೇಳಿದ ಏರ್ ನದಿಯ ಹಾನಿಯಲ್ಲಿ ಉಣ್ಣೆ ಗಿರಣಿಗಳ ಡಿಟರ್ಜೆಂಟಿನ ಪಾಲು ದೊಡ್ಡದಿತ್ತು. ಗಿರಣಿಗಳು ಆ ಡಿಟರ್ಜೆಂಟನ್ನು ಬಿಟ್ಟ ಮೇಲೆ ಅಲ್ಲಿ ಇಳಿಬಿಟ್ಟ ಮೀನುಗಳಲ್ಲಿ ಪರಿಣಾಮ ಕಡಿಮೆಯಾಯಿತು. ಯುರೋಪ್ ಒಕ್ಕೂಟ 2005ರಿಂದ ಇದರ ಬಹುತೇಕ ಬಳಕೆಗಳನ್ನು ನಿಲ್ಲಿಸಿದೆ. ನಮ್ಮ ಜಿಲ್ಲೆಯ ಲಾಂಡ್ರಿ, ಕಾರ್ಖಾನೆ, ಆಸ್ಪತ್ರೆಗಳಲ್ಲಿ ಏನು ಬಳಸುತ್ತಾರೆ ಎಂದು ಕೇಳಿ ಪಟ್ಟಿ ಮಾಡುವುದು ನಿಮ್ಮ ಅಧಿಕಾರಕ್ಕೆ ಕಷ್ಟದ ಕೆಲಸವಲ್ಲ.

ಮೂರನೆಯದು ಹೊಲದಿಂದ ಬರುವುದು. ದಾವಣಗೆರೆ ಜಿಲ್ಲೆ ಮೆಕ್ಕೆಜೋಳದ ಸೀಮೆ. ಮೆಕ್ಕೆಜೋಳದ ಕಳೆಗೆ ಅಟ್ರಜಿನ್ ಹೊಡೆಯುವುದು ರೂಢಿ. ಬಿತ್ತನೆಯ ಹೊತ್ತಿಗೆ ಹೊಡೆಯುತ್ತಾರೆ, ಅದರ ಬೆನ್ನಿಗೇ ಮುಂಗಾರು ಮಳೆ, ಹಳ್ಳದ ನೀರೆಲ್ಲ ಹೊಳೆಗೆ. ಹೊಸ ನೀರಿಗೆ ಮೀನು ಮೇಲೇರಿ ತತ್ತಿ ಇಡುವುದೂ ಅದೇ ದಿನಗಳಲ್ಲಿ. ಅಟ್ರಜಿನ್ ಬಗ್ಗೆ ವಿಜ್ಞಾನಿಗಳಲ್ಲಿ ಜಗಳವಿದೆ, ಮುಚ್ಚಿಡುವುದಿಲ್ಲ. ಕಪ್ಪೆಗಳ ಮೇಲೆ ಅದರ ಪರಿಣಾಮ ಎಷ್ಟು ಎಂಬ ವಾದ ವರ್ಷಗಟ್ಟಲೆ ನಡೆದಿದೆ. ಫ್ಯಾಟ್‌ಹೆಡ್ ಮಿನ್ನೋ ಮೀನುಗಳು ಅಟ್ರಜಿನ್ ನೀರಿನಲ್ಲಿ ಕಡಿಮೆ ಮೊಟ್ಟೆ ಇಟ್ಟವು ಎಂದು ಅಮೆರಿಕದಲ್ಲಿ 2010ರಲ್ಲಿ ಪ್ರಕಟವಾದ ಅಧ್ಯಯನವೂ ಇದೆ. ರೈತರನ್ನು ದೂರಲು ಇದನ್ನು ಬರೆಯುತ್ತಿಲ್ಲ. ಕೂಲಿಯಾಳು ಸಿಗದೆ ಕಳೆನಾಶಕಕ್ಕೆ ಕೈಹಾಕಿದವರು ಅವರು. ನಮ್ಮದೇ ಕುಡಿಯುವ ನೀರಿನ ಮಾನದಂಡ ಐಎಸ್ 10500ರಲ್ಲಿ ಅಟ್ರಜಿನ್‌ಗೆ ಲೀಟರಿಗೆ 2 ಮೈಕ್ರೊಗ್ರಾಂ ಮಿತಿ ಇದೆ. ಜನರಿಗೆ ಮಿತಿ ಹಾಕಿದ್ದೀರಿ. ಮೀನಿನ ದರ್ಜೆಯಲ್ಲಿ ಅದರ ಹೆಸರೇ ಇಲ್ಲ.

ಇದೆಲ್ಲ ಗಂಡು ಹೆಣ್ಣಿನಂತಾಗುವ ಮಾತಾಯಿತು. ಉಲ್ಟಾ ಕೂಡ ಆಗುತ್ತದೆ. ಅಮೆರಿಕದ ಫ್ಲಾರಿಡಾದಲ್ಲಿ ಇಲೆವೆನ್‌ಮೈಲ್ ಕ್ರೀಕ್ ಎಂಬ ಹಳ್ಳವಿದೆ. ಒಂದು ಕಾಗದ ಕಾರ್ಖಾನೆಯ ನೀರು ಅದಕ್ಕೆ ಸೇರುತ್ತಿತ್ತು. 1980ರಲ್ಲಿ ಅಲ್ಲಿನ ಸಂಶೋಧಕರು ಬರೆದರು: ಕಾರ್ಖಾನೆಯ ನೀರು ಸೇರುವ ಜಾಗದ ಕೆಳಗೆ ಸಿಕ್ಕ ಹೆಣ್ಣು ಗ್ಯಾಂಬೂಸಿಯಾ ಮೀನುಗಳಿಗೆ ಗಂಡಿನ ಅಂಗ ಬೆಳೆದಿದೆ. ಮೇಲ್ಭಾಗದ ಹೆಣ್ಣುಗಳು ಸರಿಯಾಗಿಯೇ ಇದ್ದವು.

ಗ್ಯಾಂಬೂಸಿಯಾ ಯಾವುದು ಗೊತ್ತಲ್ಲ? ಮಲೇರಿಯಾ, ಡೆಂಗಿ ಬಾರದಿರಲಿ ಎಂದು ಆರೋಗ್ಯ ಇಲಾಖೆಯವರು ಬಾವಿ, ಕೆರೆ, ಹೊಂಡಗಳಿಗೆ ತಂದು ಬಿಡುವ ಅದೇ ಸೊಳ್ಳೆ ಮೀನು. 1928ರಲ್ಲಿ ನಮ್ಮ ದೇಶಕ್ಕೆ ತಂದರು. ಈಗ ಎಲ್ಲೆಲ್ಲೂ ಇದೆ. ಇದರ ಗಂಡು ಹೆಣ್ಣು ಗುರುತಿಸಲು ಲ್ಯಾಬ್ ಬೇಡ, ಒಂದು ಭೂತಗನ್ನಡಿ ಸಾಕು. ಹೆಣ್ಣು ದೊಡ್ಡದು, ಹೊಟ್ಟೆ ಉಬ್ಬಿರುತ್ತದೆ, ಬಸಿರಾಗಿದ್ದರೆ ಹೊಟ್ಟೆಯ ಹಿಂದೆ ಕಪ್ಪು ಮಚ್ಚೆ ಕಾಣುತ್ತದೆ, ಹೊಟ್ಟೆಯ ಕೆಳಗಿನ ರೆಕ್ಕೆ ಬೀಸಣಿಗೆಯಂತೆ ಅಗಲ. ಗಂಡು ಸಣ್ಣದು. ಅದರ ಅದೇ ರೆಕ್ಕೆ ಉದ್ದವಾಗಿ ಕಡ್ಡಿಯ ಹಾಗೆ ಚೂಪಾಗಿ ಹಿಂದಕ್ಕೆ ಚಾಚಿಕೊಂಡಿರುತ್ತದೆ. ದೊಡ್ಡ ಹೊಟ್ಟೆ, ಕಪ್ಪು ಮಚ್ಚೆ ಇದ್ದೂ ರೆಕ್ಕೆ ಕಡ್ಡಿಯಾಗಿದ್ದರೆ ಏನೋ ಎಡವಟ್ಟಾಗಿದೆ ಎಂದು ಏಳನೇ ಕ್ಲಾಸಿನ ಹುಡುಗಿಯೂ ಹೇಳಬಲ್ಲಳು. ಹರಿಹರದ ಮೇಲೆ ಒಂದು ಜಾಗ, ಕೆಳಗೆ ಒಂದು ಜಾಗ, ಜೊತೆಗೆ ಊರ ಚರಂಡಿ ಬಾಯಿಯ ಹತ್ತಿರ ಒಂದು. ನಾಳೆಯೇ ಶುರು ಮಾಡಬಹುದಾದ ಕೆಲಸ ಇದು. ನಮ್ಮ ದಡದ ಯಾವ ಕಾರ್ಖಾನೆಯಿಂದ ಏನಾಗಿದೆ ಎಂದು ನಾನು ಇಲ್ಲಿ ಹೇಳುತ್ತಿಲ್ಲ. ನೋಡದೆ ಹೇಳಬಾರದು. ಹಾಗೆಯೇ, ನೋಡದೆ ಏನೂ ಆಗಿಲ್ಲ ಎಂದು ನೀವೂ ಹೇಳಬಾರದು.

ದೊಡ್ಡ ಪರೀಕ್ಷೆಯ ಬಗ್ಗೆ ನನ್ನ ಸಲಹೆ ಇದು. ಕಾಟ್ಲಾ, ರೋಹುಗಳನ್ನಷ್ಟೇ ಹಿಡಿದು ನೋಡಿದರೆ ಉತ್ತರ ಸಿಗಲಿಕ್ಕಿಲ್ಲ. ಅವುಗಳ ಬಿತ್ತನೆ ಮರಿಗಳನ್ನು ಎಲ್ಲೋ ಬೆಳೆಸಿ ತಂದು ಬಿಟ್ಟಿರುತ್ತಾರೆ. ಲಿಂಗ ಕಟ್ಟುವ ಎಳೆ ದಿನಗಳನ್ನು ಅವು ಈ ನೀರಿನಲ್ಲಿ ಕಳೆದಿರುವುದೇ ಅನುಮಾನ. ಇಲ್ಲೇ ಹುಟ್ಟಿ ಇಲ್ಲೇ ಬದುಕುವ ಕೊರವ, ಚೇಳು ಮೀನು, ಪುಂಟಿಯಸ್ ಜಾತಿಯ ಸಣ್ಣ ಬೆಳ್ಳಿ ಮೀನುಗಳು ಬೇಕು. ಹೋಲಿಸಲು ಶುದ್ಧ ನೀರು ಬೇಕಲ್ಲ, ಹರಿಹರದ ಮೇಲ್ಭಾಗ ಅದಕ್ಕೆ ಸಾಲದು. ಅಲ್ಲಿಗೆ ಬರುವ ನೀರೇ ಎರಡು ನಗರ ದಾಟಿ ಬಂದಿರುತ್ತದೆ. ಲಕ್ಕವಳ್ಳಿಯ ಭದ್ರಾ ಜಲಾಶಯದ ಮೀನನ್ನು ಜೊತೆಗಿಟ್ಟು ನೋಡಬೇಕು. ಸೂಳೆಕೆರೆಯನ್ನೂ ಸೇರಿಸಿ, ಚಿತ್ರದುರ್ಗದವರು ಕುಡಿಯುವುದು ಅದರ ನೀರು. ಒಮ್ಮೆ ಕಡು ಬೇಸಿಗೆಯಲ್ಲಿ ನೋಡಬೇಕು, ಆಗ ಹೊಳೆ ಬತ್ತಿ ನೀರಿನಲ್ಲಿ ಕೊಳಚೆಯ ಪಾಲು ಜಾಸ್ತಿ. ಇನ್ನೊಮ್ಮೆ ಮುಂಗಾರಿನ ಬಾಗಿಲಲ್ಲಿ, ಮೀನಿನ ಹೊಟ್ಟೆಯಲ್ಲಿ ತತ್ತಿಯೂ ಹಾಲೂ (ಗಂಡಿನ ವೀರ್ಯ) ತುಂಬಿರುವ ಹೊತ್ತಿನಲ್ಲಿ. ನಾಲ್ಕಾರು ಮೀನು ನೋಡಿ ಮುಗಿಸುವುದು ಬೇಡ. ಕೆಲವು ಜಾತಿಗಳಲ್ಲಿ ಸಹಜವಾಗಿಯೂ ಅಪರೂಪಕ್ಕೆ ಇಂಥದ್ದು ಕಾಣುತ್ತದೆ, ಅದನ್ನು ಬೇರ್ಪಡಿಸಲು ಸಂಖ್ಯೆ ಬೇಕು.

ಹಣವಿಲ್ಲ, ಸೌಲಭ್ಯವಿಲ್ಲ ಎನ್ನಬೇಡಿ. ಅಂಗಾಂಶ ಕತ್ತರಿಸಿ ಬಣ್ಣ ಹಾಕುವ ಕೆಲಸವನ್ನು ಮೆಡಿಕಲ್ ಕಾಲೇಜಿನ ಪೆಥಾಲಜಿ ಲ್ಯಾಬುಗಳು ದಿನವೂ ಮಾಡುತ್ತವೆ. ದಾವಣಗೆರೆಯಲ್ಲೇ ಎರಡು ಮೆಡಿಕಲ್ ಕಾಲೇಜುಗಳಿವೆ. ತೋಳಹುಣಸೆಯಲ್ಲಿ ವಿಶ್ವವಿದ್ಯಾಲಯವಿದೆ. ಮಂಗಳೂರಿನಲ್ಲಿ 1969ರಿಂದ ಮೀನುಗಾರಿಕಾ ಕಾಲೇಜಿದೆ. ಮೀನು ಹಿಡಿದುಕೊಡಲು ನಮ್ಮ ಬೆಸ್ತರ ಕೇರಿಯಲ್ಲಿ ಹೊಳೆಯ ಮಡುಗಳನ್ನೆಲ್ಲ ಬಲ್ಲವರಿದ್ದಾರೆ. ಅವರಿಗೆ ಕೂಲಿ ಕೊಟ್ಟು, ಹೆಸರು ಹಾಕಿ ಸೇರಿಸಿಕೊಳ್ಳಿ. ಯಾವ ಮೀನು ಎಲ್ಲಿ ತತ್ತಿ ಇಡುತ್ತಿತ್ತು, ಎಲ್ಲಿ ಈಗ ಮರಿ ಕಾಣುವುದಿಲ್ಲ ಎಂದು ಅವರು ಹೇಳುವುದನ್ನು ಬರೆದುಕೊಳ್ಳಿ. ಕಾನೂನಿನ ಮಾತೂ ಹೇಳಿಬಿಡುತ್ತೇನೆ. 1974ರ ಜಲ ಕಾಯ್ದೆಯ 17ನೇ ಸೆಕ್ಷನ್ನಿನಲ್ಲಿ ರಾಜ್ಯ ಮಂಡಳಿಯ ಕೆಲಸಗಳ ಪಟ್ಟಿ ಇದೆ. ನೀರಿನ ಮಾಲಿನ್ಯದ ಬಗ್ಗೆ ತನಿಖೆ, ಸಂಶೋಧನೆ ಮಾಡುವುದು, ಮಾಡಿಸುವುದು ಅದರಲ್ಲಿ ಒಂದು. ನಾನು ಹೊಸದೇನನ್ನೂ ಕೇಳುತ್ತಿಲ್ಲ.

ಈ ಪತ್ರ ಓದಿದ ಊರವರಿಗೆ ಎರಡು ಮಾತು. ನಾಳೆಯಿಂದ ಹೊಳೆ ಮೀನು ಬೇಡ ಎಂದು ದಯವಿಟ್ಟು ಯಾರೂ ಹಬ್ಬಿಸಬೇಡಿ. ಇಂಥ ಮೀನು ತಿಂದರೆ ಮನುಷ್ಯರಿಗೂ ಹಾಗೇ ಆಗುತ್ತದೆ ಎನ್ನುವುದಕ್ಕೆ ಆಧಾರವಿಲ್ಲ. ಹೀಗೊಂದು ಗಾಳಿಸುದ್ದಿ ಎದ್ದರೆ ಬೆಳಗಿನ ಜಾವ ತೆಪ್ಪ ಇಳಿಸುವವರ ಹೊಟ್ಟೆಯ ಮೇಲೆ ಹೊಡೆದ ಹಾಗೆ. ತಪ್ಪು ಮಾಡಿದವರು ಅವರಲ್ಲ, ಮೊದಲು ನಷ್ಟವಾಗುವುದು ಮಾತ್ರ ಅವರಿಗೇ. ಎರಡನೆಯದು, ಮೀನಿನ ಈ ವಿಷಯವನ್ನು ಮನುಷ್ಯರ ಕಡೆಗೆ ತಿರುಗಿಸಿ, ಲಿಂಗತ್ವ ಅಲ್ಪಸಂಖ್ಯಾತರನ್ನು ಆಡಿಕೊಳ್ಳಲು ಬಳಸುವವರಿದ್ದಾರೆ. ನನ್ನ ತರಗತಿಯಲ್ಲಿ ಅದಕ್ಕೆ ಜಾಗವಿಲ್ಲ, ಈ ಪತ್ರದಲ್ಲೂ ಇಲ್ಲ. ನಾನು ಮಾತಾಡುತ್ತಿರುವುದು ವಿಷದಿಂದ ಸಂತಾನ ಕಳೆದುಕೊಳ್ಳುವ ಮೀನಿನ ಬಗ್ಗೆ.

ಪರೀಕ್ಷೆಯಲ್ಲಿ ಹಾನಿ ಕಂಡರೆ ಏನು ಮಾಡಬೇಕು ಎಂಬ ದಾರಿಯೂ ಇದೆ. ಸ್ವಿಟ್ಜರ್ಲೆಂಡ್ 2016ರಲ್ಲಿ ಕಾನೂನು ಮಾಡಿ, ಆಯ್ದ ಶುದ್ಧೀಕರಣ ಘಟಕಗಳಿಗೆ ಓಝೋನ್ ಅಥವಾ ಇದ್ದಿಲಿನ ಇನ್ನೊಂದು ಹಂತ ಸೇರಿಸಲು ಹೊರಟಿತು. ಅದು ದುಬಾರಿ, ನಮಗೆ ತಕ್ಷಣ ಆಗದ ಮಾತು ಎಂದು ಗೊತ್ತು. ಮೊದಲು ಆಗಬೇಕಾದದ್ದು ಇಷ್ಟು. ಹರಿಹರದ ಒಂದೊಂದು ಚರಂಡಿಯೂ ಘಟಕ ಮುಟ್ಟಬೇಕು. ಘಟಕ ಕರೆಂಟಿಲ್ಲ ಎಂದು ನಿಲ್ಲಬಾರದು. ನೀರು ಅದರಲ್ಲಿ ನಿಲ್ಲಬೇಕಾದಷ್ಟು ಹೊತ್ತು ನಿಲ್ಲಬೇಕು. ಹಾನಿ ಕಾಣದೇ ಹೋದರೆ ನನ್ನಷ್ಟು ಸಂತೋಷಪಡುವವರು ಯಾರೂ ಇಲ್ಲ. ಆ ವರದಿಯನ್ನೂ ಕನ್ನಡದಲ್ಲಿ ಅಚ್ಚು ಮಾಡಿಸಿ ಪಂಚಾಯಿತಿಗಳಿಗೆ, ಶಾಲೆಗಳಿಗೆ ಕಳಿಸಿ.

ನನಗೆ ಬೇಕಾಗಿರುವ ಉತ್ತರ ಮೂರು ಸಾಲಿನದು. ಈ ಪರೀಕ್ಷೆಯನ್ನು ಮೂವರಲ್ಲಿ ಯಾರ ಕಚೇರಿ ವಹಿಸಿಕೊಳ್ಳುತ್ತದೆ, ಮೊದಲ ಮೀನನ್ನು ಯಾವ ತಿಂಗಳಲ್ಲಿ ಹಿಡಿಯುತ್ತೀರಿ, ವರದಿಯನ್ನು ಎಲ್ಲಿ ಪ್ರಕಟಿಸುತ್ತೀರಿ. ಮುಂದಿನ ಮುಂಗಾರಿಗೆ ಮೊದಲೇ ಹೇಳಿದರೆ ನಮ್ಮ ಶಾಲೆಯ ಮಕ್ಕಳು ಭೂತಗನ್ನಡಿ ಹಿಡಿದು ಗ್ಯಾಂಬೂಸಿಯಾ ಎಣಿಸಲು ತಯಾರಿರುತ್ತಾರೆ.

ಇತಿ,
ಹರಿಹರದ ಒಬ್ಬ ಜೀವಶಾಸ್ತ್ರ ಶಿಕ್ಷಕಿ